ಪೇಟೆಯ ಪಟ್ಟಿಯಲ್ಲಿ ಹಳ್ಳಿಯ ಲೆಕ್ಕ ಎಲ್ಲಿದೆ?



ಹೋದ ಹಬ್ಬಕ್ಕೆ ಬೆಂಗಳೂರಿನಿಂದ ಊರಿಗೆ ಬಂದ ನನ್ನ ಮಗ ಒಂದು ಕರಪತ್ರ ತಂದಿದ್ದ. ಅವನು ಬಾಡಿಗೆಗಿರುವ ಬಡಾವಣೆಯಲ್ಲಿ ಪಾಲಿಕೆ ಚುನಾವಣೆಗೆ ನಿಲ್ಲಬೇಕೆಂದು ಓಡಾಡುತ್ತಿರುವ ಮಹಾಶಯರೊಬ್ಬರು ಮನೆಮನೆಗೆ ಹಂಚಿದ ಕಾಗದ ಅದು. ಮೇಲೆ ಕೈಮುಗಿದ ಫೋಟೋ, ಕೆಳಗೆ 'ನಗರ ಸುಧಾರಣೆಗೆ ನನ್ನ ಐದು ಆದ್ಯತೆಗಳು'. ಒಂದು, ಪ್ರತಿ ಮನೆಗೂ ಕಾವೇರಿ ನೀರು. ಎರಡು, ಕಸವಿಲ್ಲದ ವಾರ್ಡು. ಮೂರು, ಒಳ್ಳೆಯ ಒಳಚರಂಡಿ. ನಾಲ್ಕು, ಅಗಲವಾದ ರಸ್ತೆ. ಐದು, ಕೈಗೆಟುಕುವ ದರದಲ್ಲಿ ತಾಜಾ ತರಕಾರಿ.

"ಅಪ್ಪ, ಮನುಷ್ಯ ಪರವಾಗಿಲ್ಲ, ಕೆಲಸದ ಮಾತು ಬರೆದಿದಾನೆ" ಅಂದ ಮಗ. ನಾನೂ ಓದಿದೆ. ಹೌದು, ಜಾತಿಯ ಮಾತಿಲ್ಲ, ಇನ್ನೊಬ್ಬರ ಬೈಗುಳವಿಲ್ಲ, ಜನರಿಗೆ ಬೇಕಾದ ಐದು ಕೆಲಸ ಇದೆ. ಆದರೆ ಎರಡನೇ ಸಲ ಓದುವಾಗ ನನಗೆ ಒಂದು ಯೋಚನೆ ಹತ್ತಿತು. ಈ ಐದರಲ್ಲಿ ನಮ್ಮ ಹೊಲದ ಮೇಲೆ ಹಾಯದೆ ಹೋಗುವುದು ಯಾವುದು? ನೀರು ಎಲ್ಲಿಂದಲೋ ಬರಬೇಕು, ಕಸ ಎಲ್ಲಿಗೋ ಹೋಗಬೇಕು, ರಸ್ತೆ ಯಾರದೋ ಜಮೀನಿನ ಮೇಲೆ ಆಗಬೇಕು, ತರಕಾರಿಯನ್ನು ಯಾರೋ ಬೆಳೆಯಬೇಕು. ಆ ಎಲ್ಲಿಂದ, ಎಲ್ಲಿಗೆ, ಯಾರು ಎಂಬುದರ ಬಗ್ಗೆ ಕಾಗದದಲ್ಲಿ ಒಂದಕ್ಷರವೂ ಇಲ್ಲ. ನಾವು ಈ ಕಡೆ ಕೂತಿರುವುದೇ ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ನಾವು ಅವರ ಮತದಾರರಲ್ಲವಲ್ಲ!

ಬನ್ನಿ, ಒಂದೊಂದಾಗಿ ಲೆಕ್ಕ ಹಾಕೋಣ.

ಕಸ

ನಮ್ಮ ತಾತನ ಕಾಲದಲ್ಲಿ ಸೊಪ್ಪು ತರಕಾರಿ ಹೇರಿಕೊಂಡು ಪೇಟೆಗೆ ಹೋದ ಗಾಡಿ ವಾಪಸ್ಸು ಬರುವಾಗ ಪೇಟೆಯ ಗೊಬ್ಬರ ತುಂಬಿಕೊಂಡು ಬರುತ್ತಿತ್ತು. ಕೊಟ್ಟದ್ದು ಬೇರೆ ರೂಪದಲ್ಲಿ ಹೊಲಕ್ಕೆ ತಿರುಗಿ ಬರುತ್ತಿತ್ತು. ಈ ಲೆಕ್ಕ ಗೊತ್ತಿದ್ದೇ ಸರ್ಕಾರ 1975ರಲ್ಲಿ ಬೆಂಗಳೂರಿನಲ್ಲಿ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನೂ ಮಾಡಿತು. ಆಮೇಲೆ ಕಸದಲ್ಲಿ ಪ್ಲಾಸ್ಟಿಕ್ಕು, ಬ್ಯಾಟರಿ, ಆಸ್ಪತ್ರೆಯ ಸೂಜಿ ಎಲ್ಲ ಸೇರಿತು. ಗೊಬ್ಬರವಾಗಿದ್ದದ್ದು ವಿಷವಾಯಿತು. ವಿಷವಾದ ಮೇಲೆ ಅದನ್ನು ಪೇಟೆಯಲ್ಲಿ ಯಾರು ಇಟ್ಟುಕೊಳ್ತಾರೆ? ಲಾರಿಗೆ ತುಂಬಿ ಹಳ್ಳಿಗೆ ಕಳಿಸಿದರು.

ಯಲಹಂಕದ ಕಡೆ ಮಾವಳ್ಳಿಪುರದಲ್ಲಿ ವರ್ಷಗಟ್ಟಲೆ ಸುರಿದರು. ಬಾವಿಯ ನೀರು ಕೆಟ್ಟಿತು, ಜನ ತಿರುಗಿಬಿದ್ದರು, 2012ರಲ್ಲಿ ಅಲ್ಲಿ ನಿಂತಿತು. ಆಗ ಲಾರಿಗಳ ಮೂತಿ ಮಂಡೂರಿನ ಕಡೆ ಹೊರಳಿತು. ಮಂಡೂರಿನವರು 2014ರ ಬೇಸಿಗೆಯಲ್ಲಿ ಲಾರಿಗಳಿಗೆ ಅಡ್ಡ ಕೂತರು. ಆ ವರ್ಷದ ಕೊನೆಗೆ ಅಲ್ಲಿಯೂ ನಿಂತಿತು. ನಿಂತ ಲಾರಿ ಗ್ಯಾರೇಜಿಗೆ ಹೋಯಿತೇ? ಇಲ್ಲ, ದೊಡ್ಡಬಳ್ಳಾಪುರ ತಾಲ್ಲೂಕಿನ ಹಳ್ಳಿಗಳ ದಾರಿ ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತ ಗಾದೆ ಕೇಳಿದ್ದೆವು, ಇಲ್ಲಿ ಬರೆ ಊರಿಂದೂರಿಗೆ ನಡೆದುಕೊಂಡು ಬರುತ್ತಿದೆ.

ಮನೆಯಲ್ಲೇ ಹಸಿ ಕಸ, ಒಣ ಕಸ ಬೇರೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಾಗಿದೆ. ನಮ್ಮ ಹೆಂಗಸರು ಸೆಗಣಿ ಒಂದು ಕಡೆ, ಬೂದಿ ಒಂದು ಕಡೆ ಹಾಕೋದನ್ನು ಯಾವ ನಿಯಮದ ಪುಸ್ತಕ ಓದಿ ಕಲಿತರು? ಕಸವಿಲ್ಲದ ವಾರ್ಡು ಅನ್ನುವ ಅಭ್ಯರ್ಥಿ ಮೊದಲು ಹೇಳಬೇಕಾದ್ದು ಇಷ್ಟು: ನಿಮ್ಮ ವಾರ್ಡಿನ ಕಸ ಯಾವ ಊರಿನ ಸರ್ವೆ ನಂಬರಿಗೆ ಹೋಗುತ್ತದೆ ಸ್ವಾಮಿ?

ನೀರು, ಕೊಚ್ಚೆ

ಕಾವೇರಿಯ ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಹೊಡೆದು ತರಬೇಕು. ಮೊದಲ ನಾಲ್ಕು ಹಂತ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರು. ಐದನೇ ಹಂತದಲ್ಲಿ ಇನ್ನೂ 77.5 ಕೋಟಿ ಲೀಟರು. ಈ ಐದನೇ ಹಂತ ಯಾರಿಗೆಂದು? 2007ರಲ್ಲಿ ಬೃಹತ್ ಬೆಂಗಳೂರು ಮಾಡುವಾಗ ಒಳಗೆ ಸೇರಿಸಿಕೊಂಡ 110 ಹಳ್ಳಿಗಳಿಗೆಂದು. ಉದ್ಘಾಟನೆ ಆದದ್ದು 2024ರ ಅಕ್ಟೋಬರ್ 16ರಂದು. ಹದಿನೇಳು ವರ್ಷ! ತೆರಿಗೆಯ ಲೆಕ್ಕದಲ್ಲಿ ಆ ಹಳ್ಳಿಗಳು ಅವತ್ತೇ ಪೇಟೆಯಾದವು, ಕೊಳಾಯಿಯ ಲೆಕ್ಕದಲ್ಲಿ ಹದಿನೇಳು ವರ್ಷ ಹಳ್ಳಿಯಾಗಿಯೇ ಉಳಿದವು. 'ನಮ್ಮೂರು ಸಿಟಿಗೆ ಸೇರಿದರೆ ಸಾಕು, ಬಂಗಾರ' ಅಂತ ಕನಸು ಕಾಣುವ ನಮ್ಮ ಪಂಚಾಯ್ತಿ ಮೆಂಬರುಗಳು ಇದನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ.

ಕುಡಿಯುವ ನೀರಿಗೆ ಬೇಡ ಅನ್ನುವ ಪಾಪ ನಮಗೆ ಬೇಡ. ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದು 4.75 ಟಿಎಂಸಿ ಹೆಚ್ಚಿಗೆ ಕೊಟ್ಟಾಗ ನಾವೂ ಸರಿಯೆಂದೆವು. ನಮ್ಮ ಮಕ್ಕಳೇ ಅಲ್ಲಿ ಕುಡಿಯುವುದು. ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಸರ್ಕಾರವೇ ಸಾರಿತು. ಅದರ ಮುಂದಿನ ಬೇಸಿಗೆಯಲ್ಲಿ, ಕುಡಿಯುವ ನೀರಿನಲ್ಲಿ ಕಾರು ತೊಳೆಯಬೇಡಿ, ತೊಳೆದರೆ 5,000 ರೂಪಾಯಿ ದಂಡ ಎಂದು ಬೆಂಗಳೂರಿನಲ್ಲಿ ಆದೇಶ ಹೊರಡಿಸಬೇಕಾಯಿತು. ಅಂದರೆ ಅಲ್ಲಿಯವರೆಗೆ ತೊಳೆಯುತ್ತಿದ್ದರು ಅಂತ ಆಯಿತಲ್ಲ! ಒಂದು ಮಡಕೆ ನಾಟಿಗೆ ನೀರಿಲ್ಲದೆ ಆಕಾಶ ನೋಡುವವನಿಗೆ ಇದು ಹೇಗೆ ಕಾಣಬೇಕು?

ಇನ್ನು, ಹೋದ ನೀರು ಹೇಗೆ ವಾಪಸ್ಸು ಬರುತ್ತದೆ ನೋಡಿ. ವೃಷಭಾವತಿ ಬೆಂಗಳೂರಿನ ಕೊಚ್ಚೆ ಹೊತ್ತು ಬಿಡದಿ ಬಳಿಯ ಬೈರಮಂಗಲ ಕೆರೆಗೆ ಬೀಳುತ್ತದೆ. ಅಲ್ಲಿಂದ ಅರ್ಕಾವತಿ, ಅಲ್ಲಿಂದ ಕಾವೇರಿ. ಆ ನೀರಿನಲ್ಲಿ ಬೆಳೆದದ್ದನ್ನು 'ಚರಂಡಿ ನೀರಿನ ಸೊಪ್ಪು' ಅಂತ ಮೂಗು ಮುಚ್ಚಿಕೊಂಡು ಬೆಲೆ ಇಳಿಸುವವರು ಅದೇ ಚರಂಡಿಗೆ ನೀರು ಬಿಟ್ಟವರು. ಪೂರ್ವದ ಕಡೆ ಕೋರಮಂಗಲ ಚಲ್ಲಘಟ್ಟ ಕಣಿವೆಯ ಯೋಜನೆ 2018ರ ಜೂನ್‌ನಲ್ಲಿ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರು ಸಂಸ್ಕರಿಸಿದ ನೀರನ್ನು ಕೋಲಾರದ ಕಡೆಯ 126 ಕೆರೆಗಳಿಗೆ ಹರಿಸುವ ಯೋಜನೆ. ಕೆಲವೇ ವಾರಗಳಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ಆಮೇಲೆ ಒಣಗಿದ ಕೆರೆಗಳಲ್ಲಿ ನೀರು ನಿಂತಿತು, ಬೋರ್‌ವೆಲ್ಲುಗಳಿಗೆ ಜೀವ ಬಂತು ಎನ್ನುವ ರೈತರಿದ್ದಾರೆ. ಅವರ ಮಾತನ್ನೂ ತಳ್ಳಿಹಾಕಬಾರದು. ಕೋಲಾರದ ರೈತರು ಕೇಳಿದ್ದು ನೀರು ಬೇಡ ಅಂತಲ್ಲ. ಎರಡು ಹಂತಕ್ಕೆ ನಿಲ್ಲಿಸಬೇಡಿ, ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಕೊಡಿ ಅಂತ. ಈ ಖರ್ಚು ಯಾರದಾಗಬೇಕು? ನೀರು ಕೆಡಿಸಿದವರದು ತಾನೇ? ಆ ಮಾತು ಯಾವ ವಾರ್ಡಿನ ಕರಪತ್ರದಲ್ಲಿದೆ?

ರಸ್ತೆ, ಪಹಣಿ, ಸಾಲ

ಅಗಲವಾದ ರಸ್ತೆ ಎಂಬ ನಾಲ್ಕನೇ ಆದ್ಯತೆ ನಮಗೆ ಎಲ್ಲಕ್ಕಿಂತ ದುಬಾರಿ. ಬೆಂಗಳೂರಿನ ಸುತ್ತ ಪೆರಿಫೆರಲ್ ರಿಂಗ್ ರಸ್ತೆ ಮಾಡುತ್ತೇವೆಂದು 2005ರಲ್ಲಿ ಅಧಿಸೂಚನೆ ಹೊರಡಿಸಿದರು. ಉದ್ದ ಸುಮಾರು 73 ಕಿಲೋಮೀಟರು. ಇಪ್ಪತ್ತು ವರ್ಷ ಕಳೆದರೂ ರಸ್ತೆ ಆಗಲಿಲ್ಲ. 'ಬೆಂಗಳೂರು ಬಿಸಿನೆಸ್ ಕಾರಿಡಾರ್' ಅಂತ ಹೆಸರು ಮಾತ್ರ ಬದಲಾಯಿತು. 2013ರ ಭೂಸ್ವಾಧೀನ ಕಾಯಿದೆ ಬಂದು ಹಳ್ಳಿಯ ಜಮೀನಿಗೆ ಮಾರುಕಟ್ಟೆ ಬೆಲೆಯ ಎರಡರಷ್ಟರವರೆಗೆ, ಅದರ ಮೇಲೆ ಮತ್ತೆ ನೂರಕ್ಕೆ ನೂರು ಕೊಡಬೇಕೆಂದಾಗ, ರೈತರು ನಮಗೂ ಅದೇ ಲೆಕ್ಕ ಹಾಕಿ ಎಂದರು. ಹಳೇ ಕಾಯಿದೆಯೋ ಹೊಸ ಕಾಯಿದೆಯೋ ಎಂಬ ಜಗಳದಲ್ಲೇ ಒಂದು ತಲೆಮಾರು ಮುದಿಯಾಯಿತು.

ಅಧಿಸೂಚನೆ ಅಂದರೆ ಏನು ಅಂತ ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಹತ್ತಿರದ ನೆಂಟನೊಬ್ಬನ ಕಥೆ ಹೇಳ್ತೀನಿ. ಯಾವ ಯೋಜನೆ, ಯಾವ ಕಚೇರಿ ಅನ್ನೋದು ಬಿಡಿ. ಅವನದು ಎರಡೆಕರೆ. ಪಹಣಿಯ ಹನ್ನೊಂದನೇ ಕಾಲಂನಲ್ಲಿ ಒಂದು ಸಾಲು ಬಂದು ಕೂತಿತು. ಜಮೀನು ಅವನ ಹೆಸರಿನಲ್ಲೇ ಇದೆ, ಉಳೋನೂ ಅವನೇ. ಆದರೆ ಮಾರೋ ಹಾಗಿಲ್ಲ, ಕೊಳ್ಳೋರು ಬರೋದಿಲ್ಲ. ಸೊನ್ನೆ ಬಡ್ಡಿಯ ಬೆಳೆ ಸಾಲ ಕೇಳೋಕೆ ಹೋದರೆ ಸೊಸೈಟಿ ಕಾರ್ಯದರ್ಶಿ ಪಹಣಿ ನೋಡಿ ತಲೆ ಅಲ್ಲಾಡಿಸಿ ವಾಪಸ್ಸು ಕೊಟ್ಟರು. ಬ್ಯಾಂಕಿನಲ್ಲೂ ಅದೇ ಮಾತು. ಮಗಳ ಮದುವೆ ಗೊತ್ತಾಗಿತ್ತು, ಬೋರ್‌ವೆಲ್ಲಿನ ಮೋಟರು ಸುಟ್ಟಿತ್ತು. ಕೊನೆಗೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದ. ಲಕ್ಷಕ್ಕೆ ವರ್ಷಕ್ಕೆ 36,000 ಬಡ್ಡಿ. ಮೂರು ವರ್ಷ ಆಗೋಷ್ಟರಲ್ಲಿ ಬಡ್ಡಿಯೇ ಅಸಲನ್ನು ನುಂಗಿ ಮುಂದೆ ಹೋಯಿತು. ಯೋಜನೆಗೆ ಒಂದು ಬುಟ್ಟಿ ಮಣ್ಣೂ ಬಿದ್ದಿಲ್ಲ. ಅವನ ನೆಲ ಹೋಗಿಲ್ಲ, ನೆಲದ ಮೇಲಿದ್ದ ನಂಬಿಕೆ ಮಾತ್ರ ಹೋಯಿತು. ಅವನ ಸಾಲವನ್ನು ಯಾವ ಸುಧಾರಣೆಯ ಲೆಕ್ಕಕ್ಕೆ ಬರೆಯೋಣ?

ರಸ್ತೆ ಬೇಕೋ ಬೇಡವೋ, ಬೇಗ ಹೇಳಿ. ಬೇಕಾದರೆ ನ್ಯಾಯವಾದ ಬೆಲೆ ಕೊಟ್ಟು ತಗೊಳ್ಳಿ. ಬೇಡವಾದರೆ ಹನ್ನೊಂದನೇ ಕಾಲಂ ಖಾಲಿ ಮಾಡಿ. ಇಪ್ಪತ್ತು ವರ್ಷ ಕುತ್ತಿಗೆಗೆ ಹಗ್ಗ ಹಾಕಿಟ್ಟು, ಎಳೆಯೋದೂ ಇಲ್ಲ, ಬಿಚ್ಚೋದೂ ಇಲ್ಲ ಅಂದರೆ ಇದು ಯಾವ ಸೀಮೆ ನ್ಯಾಯ?

ಯಾರ ಕೈಗೆ ಎಟುಕುವ ದರ?

ಐದನೆಯದು 'ಕೈಗೆಟುಕುವ ದರದ ತರಕಾರಿ'. ನಾನು ಮಗನನ್ನು ಕೇಳಿದೆ, "ಯಾರ ಕೈಗೋ?" ಅವನು ನಕ್ಕ.

ರಿಸರ್ವ್ ಬ್ಯಾಂಕಿನವರು 2024ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ಟೊಮೆಟೊ ಬೆಳೆದವನಿಗೆ ಸುಮಾರು 33 ಪೈಸೆ, ಈರುಳ್ಳಿಯವನಿಗೆ 36, ಆಲೂಗಡ್ಡೆಯವನಿಗೆ 37. ಇದು ಯಾವ ಸಂಘಟನೆಯ ಭಾಷಣವೂ ಅಲ್ಲ, ನೋಟು ಅಚ್ಚು ಹಾಕಿಸುವವರೇ ಮಾಡಿದ ಲೆಕ್ಕ. ಆ 33 ಪೈಸೆಯಲ್ಲೇ ಸಸಿ, ಗೊಬ್ಬರ, ಔಷಧಿ, ಕೋಲು, ದಾರ, ಕೀಳುವ ಕೂಲಿ ಎಲ್ಲ ತೆಗೆಯಬೇಕು. ಉಳಿದ 67 ಪೈಸೆ ಬಾಡಿಗೆ, ಹಮಾಲಿ, ಕಮಿಷನ್ನು, ಕೊಳೆತ ಮಾಲು, ಸಗಟು, ಚಿಲ್ಲರೆ ಅಂತ ದಾರಿಯಲ್ಲೇ ಕರಗುತ್ತದೆ.

2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆಜಿ ಟೊಮೆಟೊ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದಾಗ ದೇಶಕ್ಕೆ ದೇಶವೇ ಬೊಬ್ಬೆ ಹೊಡೆಯಿತು. ಕೇಂದ್ರ ಸರ್ಕಾರ ದೊಡ್ಡ ನಗರಗಳಲ್ಲಿ ತಾನೇ ಟೊಮೆಟೊ ಮಾರಿಸಿತು. ಬೆಲೆ ಬಿದ್ದು, ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿಯುವಾಗ ಯಾವ ನಗರದ ಲಾರಿ ಬಂದು ನಮ್ಮ ಮಾಲು ಕೊಂಡಿತು? ಬೆಲೆ ಏರಿದರೆ ಅದು ರಾಷ್ಟ್ರದ ಸಮಸ್ಯೆ, ಇಳಿದರೆ ನಮ್ಮ ಹಣೆಬರಹ!

ಇದಕ್ಕೆ ದಾರಿ ಇಲ್ಲವೆಂದಲ್ಲ. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಹಕಾರ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಳೆದವನೂ ತಿನ್ನುವವನೂ ನಡುವೆ ಹತ್ತು ಕೈಯಿಲ್ಲದೆ ಸೇರಬಹುದು ಅಂತ ಅದು ತೋರಿಸಿಕೊಟ್ಟಿತು. ಪಕ್ಕದ ಆಂಧ್ರದಲ್ಲಿ 1999ರಲ್ಲಿ ರೈತು ಬಜಾರ್ ಬಂತು. ಅದೇ ವರ್ಷ ನವೆಂಬರಿನಲ್ಲಿ ಮದುರೆಯಲ್ಲಿ ಉಳವರ್ ಸಂದೈ ಬಂತು. ಎರಡರಲ್ಲೂ ರೈತ ತಾನೇ ತಕ್ಕಡಿ ಹಿಡಿದು ಕೂರುತ್ತಾನೆ. ಅದಕ್ಕೆ ಬೇಕಾದ್ದು ಪೇಟೆಯೊಳಗೆ ಒಂದಿಷ್ಟು ನೆಲ, ಮೇಲೊಂದು ಸೂರು, ಕುಡಿಯಲು ನೀರು, ಹೆಂಗಸರಿಗೆ ಕಕ್ಕಸು. ಇದನ್ನು ಕೊಡುವ ಶಕ್ತಿ ಪಾಲಿಕೆಗಿದೆ. ರಾತ್ರಿ ಹನ್ನೊಂದಕ್ಕೆ ಸೊಪ್ಪಿನ ಮೂಟೆಯ ಜೊತೆ ಇಳಿದು ಬೆಳಗಿನ ಜಾವದವರೆಗೆ ಚಳಿಯಲ್ಲಿ ರಸ್ತೆ ಮೇಲೆ ಕೂರುವ ನಮ್ಮ ಹೆಣ್ಣುಮಕ್ಕಳಿಗೆ ಕಾಲು ಚಾಚಲು ಜಾಗವಿಲ್ಲ. ನಗರ ಸುಧಾರಣೆ ಎಂದರೆ ಇದೂ ಅಲ್ಲವೇ?

ನಮ್ಮ ತಪ್ಪೂ ಇದೆ

ಎಲ್ಲ ಪೇಟೆಯವರ ತಲೆಗೆ ಕಟ್ಟಿ ಕೈತೊಳೆದುಕೊಂಡರೆ ಅದು ಅಪ್ರಾಮಾಣಿಕ. ಕೆರೆ ಅಂಗಳದಲ್ಲಿ ಲೇಔಟು ಮಾಡಿದವರಲ್ಲಿ ನಮ್ಮವರೂ ಇದ್ದಾರೆ. ಕಸದ ಲಾರಿಯವನಿಂದ ದುಡ್ಡು ತಗೊಂಡು ರಾತ್ರೋರಾತ್ರಿ ತನ್ನ ಕಲ್ಲುಕ್ವಾರಿಗೆ ಸುರಿಸಿಕೊಂಡವರೂ ಇದ್ದಾರೆ. ಎಕರೆಗೆ ಕೋಟಿ ಎಂದ ಕೂಡಲೇ ನೆಲ ತಾಯಿ ಎಂಬ ಮಾತು ಮರೆತವರನ್ನು ನಾನೇ ನೋಡಿದ್ದೇನೆ. ಪರಿಹಾರದ ಹಣ ಬಂದಾಗ ನಮ್ಮ ಹೊಲದಲ್ಲಿ ಮೂವತ್ತು ವರ್ಷ ಕೂಲಿ ಮಾಡಿದವನಿಗೆ ಏನು ಸಿಕ್ಕಿತು ಅಂತ ನಾವು ಕೇಳಿದ್ದೂ ಕಡಿಮೆ. ಮೊದಲು ನಮ್ಮ ಮನೆ ಗುಡಿಸಿಕೊಂಡು ಆಮೇಲೆ ಪೇಟೆಯ ಬಾಗಿಲು ತಟ್ಟೋಣ.

ಪೇಟೆ ನಮ್ಮ ಶತ್ರುವೂ ಅಲ್ಲ. ನಮ್ಮ ಮಾಲಿನ ಗಿರಾಕಿ ಅಲ್ಲಿದ್ದಾನೆ, ನಮ್ಮ ಮಕ್ಕಳು ಅಲ್ಲಿ ದುಡಿಯುತ್ತಿದ್ದಾರೆ, ಕಾಯಿಲೆಯಾದರೆ ನಾವೇ ಅಲ್ಲಿಗೆ ಓಡುತ್ತೇವೆ. ಅದು ಸುಧಾರಿಸಲಿ. ಆದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬಂತೆ ನಡೆಯಬಾರದು.

ಓಟಿಲ್ಲದವರ ಮಾತು

ಬೆಂಗಳೂರಿನ ದೊಡ್ಡ ಪಾಲಿಕೆಗೆ ಕಡೆಯ ಚುನಾವಣೆ ನಡೆದದ್ದು 2015ರಲ್ಲಿ. ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಐದು ವರ್ಷ ಅಧಿಕಾರಿಗಳದೇ ಕಾರುಬಾರು. 2025ರ ಸೆಪ್ಟೆಂಬರಿನಲ್ಲಿ ಆ ಪಾಲಿಕೆ ಹೋಗಿ ಐದು ಪಾಲಿಕೆಗಳಾದವು, ವಾರ್ಡುಗಳು ಮುನ್ನೂರ ಅರವತ್ತನ್ನು ಮೀರಿದವು. ನಮ್ಮ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಕಥೆಯೂ ಅದೇ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷವರ್ಷ ಮುಂದೂಡಿದರು. ಪೇಟೆಯಲ್ಲಿ ಕೇಳುವವರಿಲ್ಲ, ಹಳ್ಳಿಯಲ್ಲಿ ಹೇಳುವವರಿಲ್ಲ ಎಂಬ ಹೊತ್ತಿನಲ್ಲೇ ದೊಡ್ಡ ದೊಡ್ಡ ನಕ್ಷೆಗಳು ತಯಾರಾಗುತ್ತವೆ.

ಆದರೆ ಸಂವಿಧಾನದಲ್ಲಿ ನಮಗೊಂದು ಬಾಗಿಲಿದೆ. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿಯ ಪ್ರಕಾರ ಹತ್ತು ಲಕ್ಷ ಮೀರಿದ ಮಹಾನಗರ ಪ್ರದೇಶಕ್ಕೆ ಒಂದು ಯೋಜನಾ ಸಮಿತಿ ಇರಬೇಕು. ಅದರ ಮೂರರಲ್ಲಿ ಎರಡು ಪಾಲು ಸದಸ್ಯರನ್ನು ನಗರಸಭೆಗಳ ಚುನಾಯಿತ ಸದಸ್ಯರು ಮತ್ತು ಆ ಪ್ರದೇಶದ ಪಂಚಾಯ್ತಿ ಅಧ್ಯಕ್ಷರು ತಮ್ಮೊಳಗಿಂದಲೇ, ಜನಸಂಖ್ಯೆಯ ಲೆಕ್ಕದಲ್ಲಿ ಆರಿಸಬೇಕು. ಅಂದರೆ ನಗರದ ನಕ್ಷೆ ಬರೆಯುವ ಮೇಜಿನಲ್ಲಿ ಹಳ್ಳಿಯ ಅಧ್ಯಕ್ಷನಿಗೂ ಒಂದು ಕುರ್ಚಿ ಬರೆದಿಟ್ಟಿದೆ. ಬೆಂಗಳೂರಿಗೆ ಆ ಸಮಿತಿ ಬರಲು ಇಪ್ಪತ್ತು ವರ್ಷವೇ ಬೇಕಾಯಿತು. ಕುರ್ಚಿ ಇದೆಯೆಂದು ನಮ್ಮ ಎಷ್ಟು ಜನ ಅಧ್ಯಕ್ಷರಿಗೆ ಗೊತ್ತು?

ಒಟ್ಟಾಗಿ ಕೂತರೆ ಕೆಲಸ ಆಗೋದಿಲ್ಲ ಅನ್ನುವವರು ದೇವನಹಳ್ಳಿ ಕಡೆ ನೋಡಲಿ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗೆ ಕೈಹಾಕಿದಾಗ 2022ರ ಏಪ್ರಿಲಿನಲ್ಲಿ ಕೂತ ರೈತರು ಸಾವಿರಕ್ಕೂ ಹೆಚ್ಚು ದಿನ ಏಳಲಿಲ್ಲ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಡುತ್ತೇವೆಂದು ಸಾರಬೇಕಾಯಿತು.

ಆದ್ದರಿಂದ, ಬಂಧುಗಳೇ, ನಮಗೆ ಓಟಿಲ್ಲದಿದ್ದರೂ ನಮ್ಮ ಮಕ್ಕಳಿಗೆ, ಅಳಿಯಂದಿರಿಗೆ, ಸೊಸೆಯಂದಿರಿಗೆ ಅಲ್ಲಿ ಓಟಿದೆ. ಅವರು ಕರಪತ್ರ ತಂದರೆ ಈ ಐದು ಪ್ರಶ್ನೆ ಬರೆದು ವಾಪಸ್ಸು ಕಳಿಸಿ. ಕಸ ಯಾವ ಊರಿಗೆ? ಕೆಟ್ಟ ನೀರನ್ನು ಮೂರನೇ ಹಂತದವರೆಗೆ ಶುದ್ಧ ಮಾಡಿ ಬಿಡಲು ಹಣ ಇಡ್ತೀರಾ? ನೀರು ಪೋಲಾಗೋದನ್ನು ನಿಲ್ಲಿಸ್ತೀರಾ? ನಿಮ್ಮ ರಸ್ತೆಗೆ ಬೇಡವಾದ ಜಮೀನಿನ ಪಹಣಿ ಬಿಡಿಸಲು ದನಿ ಎತ್ತುತ್ತೀರಾ? ನಿಮ್ಮ ವಾರ್ಡಿನಲ್ಲಿ ರೈತ ತಾನೇ ತಕ್ಕಡಿ ಹಿಡಿದು ಕೂರಲು ಸೂರು ಕೊಡ್ತೀರಾ?

ನನ್ನ ಮಗ ಹೊರಡುವಾಗ ಅದೇ ಕರಪತ್ರದ ಹಿಂಭಾಗದಲ್ಲಿ ಈ ಐದನ್ನು ಬರೆದು ಅವನ ಕೈಗೆ ಕೊಟ್ಟೆ. "ಅವರು ಏನಂದರೂ ಬಂದು ಹೇಳು" ಅಂದೆ. "ಉತ್ತರ ಕೊಡದಿದ್ದರೆ?" ಅಂದ. "ಆಗ ಓಟು ಯಾರಿಗೆ ಅನ್ನೋದನ್ನ ನೀನೇ ಯೋಚನೆ ಮಾಡು. ಆದರೆ ನೀನು ಕುಡಿಯೋ ನೀರು, ತಿನ್ನೋ ಸೊಪ್ಪು ಎಲ್ಲಿಂದ ಬಂತು ಅನ್ನೋದು ಮರೀಬೇಡ" ಅಂದೆ. ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದ.

ಉತ್ತರ ಬಂದರೆ ಇದೇ ಪುಟದಲ್ಲಿ ತಿಳಿಸುತ್ತೇನೆ. ನೀವೂ ನಿಮ್ಮ ತಾಲ್ಲೂಕಿನ ಪೇಟೆಯ ಅಭ್ಯರ್ಥಿಗಳಿಗೆ ಇದೇ ಪ್ರಶ್ನೆ ಕೇಳಿ, ಬಂದ ಉತ್ತರ ಬರೆದು ಕಳಿಸಿ.